ಆಚೆಮನೆಯವರು ಹೇಳಿದ್ದು

ಮಾರ್ಚ್ ಮುಗಿಯುವ ಹೊತ್ತಿಗೆ ನನಗೆ ಫೋನುಗಳು ಬರಲು ಶುರುವಾಗುತ್ತವೆ. ಎರಡು ದಿನ ಬಿಸಿಲು ಕಂಡರೆ ಸಾಕು, ನಮ್ಮ ಜನ ಬೀಜದ ಪೊಟ್ಟಣ ಕೊಂಡುಬಿಟ್ಟಿರುತ್ತಾರೆ. ಕ್ರೋಯ್ಡನ್‌ನ ಫ್ಲ್ಯಾಟಿನಲ್ಲಿರುವ ಬೆಂಗಳೂರಿನ ಹುಡುಗಿಯೊಬ್ಬಳು, ಇಂಗ್ಲಿಷರ ಈ ದೇಶಕ್ಕೆ ಬಂದು ಇನ್ನೂ ವರ್ಷವಾಗಿಲ್ಲ, ಮೊನ್ನೆ ಕೇಳಿದಳು: "ಆಂಟಿ, ಟೊಮ್ಯಾಟೊ ಸಸೀನ ಬಾಲ್ಕನೀಲಿ ಇಟ್ಟುಬಿಡಲಾ? ಇವತ್ತು ಹದಿನಾರು ಡಿಗ್ರಿ ಇದೆ."

"ಹಗಲಿನ ಡಿಗ್ರಿ ನೋಡಬೇಡ, ರಾತ್ರಿಯದು ನೋಡು" ಎಂದೆ. "ಸಸಿ ಕಿಟಕಿಯ ಒಳಗೇ ಇರಲಿ. ಮೇ ಮೂರನೇ ವಾರದವರೆಗೆ ಹೊರಗೆ ನೆಡಬೇಡ. ಅದಕ್ಕೂ ಮುಂಚೆ ಒಂದು ಹತ್ತು ದಿನ ಹಗಲು ಹೊರಗಿಡು, ಸಂಜೆ ಒಳಗೆ ತಾ. ಒಂದೇ ಸಲ ಚಳಿಗೆ ಬಿಟ್ಟರೆ ತಡೆಯುವುದಿಲ್ಲ."

"ನಿಮಗಿದೆಲ್ಲ ಹೇಗೆ ಗೊತ್ತು ಆಂಟಿ? ನಿಮ್ಮ ಮನೇಲಿ ತೋಟ ಇತ್ತಾ?"

ಇರಲಿಲ್ಲ. ನಾನು ಮೈಸೂರಿನ ವಠಾರವೊಂದರಲ್ಲಿ ಬೆಳೆದವಳು. ಎಂಟು ಮನೆಗೆ ಒಂದು ಅಂಗಳ, ಅದಕ್ಕೂ ಸಿಮೆಂಟು ಹಾಕಿಸಿದ್ದರು. ಗಿಡದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಒಬ್ಬರೇ ಒಬ್ಬರಿಂದ ಬಂದದ್ದು. ಅವರ ಮಾತನ್ನು ನಾನು ಒಂದು ಸಲ ತಿರುಚಿ ಹೇಳಿದೆ. ಆ ಹುಡುಗಿಗೆ ಇದನ್ನು ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮ ಮನೆ ಫೆಲ್ಥಮ್‌ನಲ್ಲಿದೆ. ಗಂಡನಿಗೆ ಪಕ್ಕದ ಏರ್‌ಪೋರ್ಟಿನಲ್ಲಿ ಶಿಫ್ಟ್ ಕೆಲಸ, ನನಗೆ ಅಕ್ಸ್‌ಬ್ರಿಡ್ಜ್‌ನಲ್ಲಿ ಆಫೀಸು. ಸಾಲುಮನೆ, ಹಿಂದುಗಡೆ ಸೀರೆ ಹಾಸಿದಂತೆ ಉದ್ದಕ್ಕೆ ಒಂದು ಪಟ್ಟಿ ನೆಲ, ಎರಡೂ ಬದಿಗೆ ಎದೆಮಟ್ಟದ ಮರದ ಬೇಲಿ. ಎಡಗಡೆ ಬೇಲಿಯ ಆಚೆ ಇಂಗ್ಲಿಷ್ ಅಜ್ಜ ಒಬ್ಬರೇ ಇದ್ದರು. ಕೌನ್ಸಿಲ್‌ನ ಪಾರ್ಕುಗಳಲ್ಲಿ ಮಾಲಿಯಾಗಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಗಳು ರೈಲಿನಲ್ಲಿ ಮೂರು ಗಂಟೆಯ ದೂರದಲ್ಲಿದ್ದಳು. ಅವರ ಹಿತ್ತಲಿನಲ್ಲಿ ಒಂದು ಗೇಣು ನೆಲವೂ ಖಾಲಿ ಇರುತ್ತಿರಲಿಲ್ಲ. ನಮ್ಮದರಲ್ಲಿ ಬಟ್ಟೆ ಒಣಗಿಸುವ ಕಂಬವೂ ನಮ್ಮ ಮಗಳು ಆಡಿ ಬಿಟ್ಟ ಪ್ಲಾಸ್ಟಿಕ್ ಜಾರುಬಂಡೆಯೂ ಇದ್ದವು. ಐದು ವರ್ಷ ನಾವೂ ಅವರೂ ಹವಾಮಾನದ ಬಗ್ಗೆ ಎರಡು ಮಾತು ಆಡಿದ್ದು ಬಿಟ್ಟರೆ ಹೆಚ್ಚಿನ ಪರಿಚಯವಿರಲಿಲ್ಲ.

ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಅತ್ತೆ ಕುಂದಾಪುರದಿಂದ ಬಂದರು, ಆರು ತಿಂಗಳಿಗೆಂದು. ಬಂದದ್ದು ಫೆಬ್ರವರಿಯಲ್ಲಿ. ಮೊದಲ ವಾರ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಗಂಡನ ಕೋಟು ಹಾಕಿಕೊಂಡು ಹೀಟರಿನ ಪಕ್ಕ ಕೂತಿದ್ದರು. ಎರಡನೇ ವಾರ ಹಿಂದಿನ ಬಾಗಿಲು ತೆಗೆದು ನೋಡಿ, "ಇಷ್ಟು ಜಾಗ ಉಂಟು, ಒಂದು ಹರಿವೆ ಸೊಪ್ಪು ಸಹ ಹಾಕಲಿಲ್ಲವಾ ನೀವು?" ಎಂದರು.

ಆ ದಿನವೇ ಹಾರೆ ಹುಡುಕಿದರು. ಹಾರೆ ಎಲ್ಲಿಂದ ಬರಬೇಕು? ಹಿಟ್ಟು ತೆಗೆಯುವ ಸೌಟು ಹಿಡಿದು ಮಣ್ಣು ಕೆದಕುತ್ತಿದ್ದವರನ್ನು ನೋಡಿ ಆಚೆಮನೆಯ ಅಜ್ಜ ಬೇಲಿಯ ಮೇಲಿಂದ ಒಂದು ಸಲಿಕೆ ಚಾಚಿದರು. ಜೊತೆಗೇ ಒಂದು ಹಲಗೆಯನ್ನೂ ಕೊಟ್ಟರು. ಒದ್ದೆ ಮಣ್ಣಿನ ಮೇಲೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗುತ್ತದೆ, ಹಲಗೆಯ ಮೇಲೆ ನಿಂತು ಕೆಲಸ ಮಾಡಿ ಎಂದು. ಅದನ್ನು ಹೇಳಲು ಅವರಿಗೆ ಭಾಷೆ ಬೇಕಾಗಲಿಲ್ಲ, ತಾವೇ ಒಂದು ಹಲಗೆಯ ಮೇಲೆ ನಿಂತು ತೋರಿಸಿದರು. ಅತ್ತೆಗೆ ಅರ್ಥವಾಯಿತು.

ಅಲ್ಲಿಂದ ಇಬ್ಬರಿಗೂ ಸ್ನೇಹವಾಯಿತು. ದಿನಾ ಹತ್ತೂವರೆಗೆ ಅವರು ಟೀ ಮಗ್ ಹಿಡಿದು ಬೇಲಿಯ ಹತ್ತಿರ ಬರುವರು, ಅತ್ತೆ ಕಾಫಿ ಲೋಟ ಹಿಡಿದು ಈಚೆ ನಿಲ್ಲುವರು. ಅವರು ಇಂಗ್ಲಿಷು, ಇವರು ಕನ್ನಡ. ಅತ್ತೆ ನೀರುದೋಸೆ ಕೊಟ್ಟರೆ ಅವರು ಅದಕ್ಕೆ ಜಾಮ್ ಹಚ್ಚಿಕೊಂಡು ತಿನ್ನುವರು. ಅವರು ರುಬಾರ್ಬ್ ಎಂಬ ಕೆಂಪು ದಂಟಿನ ಕಟ್ಟು ಕೊಟ್ಟಾಗ ಅತ್ತೆ ಬೆಲ್ಲ ಹಾಕಿ ಗೊಜ್ಜು ಮಾಡಿದರು, ಚೆನ್ನಾಗಿಯೇ ಇತ್ತು. ಕೈಸನ್ನೆಗೆ ಸಿಕ್ಕದ ಮಾತುಗಳನ್ನು ಶನಿವಾರಕ್ಕೆ ಕೂಡಿಡುವರು. ಶನಿವಾರ ನಾನು ಮನೆಯಲ್ಲಿರುತ್ತಿದ್ದೆ. ನಾನೇ ದುಭಾಷಿ.

ಒಂದು ಶನಿವಾರ ಅತ್ತೆ, "ಬೀಜ ಹಾಕುದು ಯಾವಾಗಂತ ಕೇಳು" ಎಂದರು. ಅಜ್ಜ ಬಹಳ ಗಂಭೀರವಾಗಿ ಉತ್ತರ ಹೇಳಿದರು. ಹಿಂದಿನ ಕಾಲದ ರೈತರು ಪ್ಯಾಂಟು ಇಳಿಸಿ ಬರಿಯ ಮೈಯಲ್ಲಿ ಹೊಲದ ಮೇಲೆ ಕೂರುತ್ತಿದ್ದರಂತೆ. ಸುಖವಾಗಿ ಕೂರಲಾದರೆ ಮಣ್ಣು ಬೆಚ್ಚಗಾಗಿದೆ, ಬಿತ್ತಬಹುದು. ಇದನ್ನು ಅತ್ತೆಗೆ ಹೇಗೆ ಹೇಳಲಿ? "ಮಣ್ಣು ಮುಟ್ಟಿ ನೋಡಬೇಕಂತೆ, ತಣ್ಣಗಿದ್ದರೆ ಬೇಡವಂತೆ" ಎಂದೆ. ಅಜ್ಜ ನಗುತ್ತಿದ್ದರು, ಅವರ ನಗು ನೋಡಿ ಅತ್ತೆಯೂ ನಕ್ಕರು. ಬಟಾಣಿ, ಆಲೂಗಡ್ಡೆ, ಈರುಳ್ಳಿ ಚಳಿ ತಡೆಯುತ್ತವೆ, ಅವನ್ನು ಈಗ ಹಾಕಬಹುದು. ಉಳಿದದ್ದು ಕಿಟಕಿಯ ಒಳಗೆ ಎಂದೂ ಅಜ್ಜ ಹೇಳಿದರು. ಅದನ್ನು ನಾನು ಸರಿಯಾಗಿಯೇ ಹೇಳಿದೆ. ಹೀಗೆ ಒಂದಿಷ್ಟು ಬಿಟ್ಟು, ಒಂದಿಷ್ಟು ಸೇರಿಸಿ ಹೇಳುವುದು ನನಗೆ ರೂಢಿಯಾಯಿತು. ಅದರಿಂದ ಯಾರಿಗೂ ಏನೂ ಆಗುವುದಿಲ್ಲವೆಂದುಕೊಂಡಿದ್ದೆ.

ಏಪ್ರಿಲ್ ಬರುವಷ್ಟರಲ್ಲಿ ನಮ್ಮ ಮನೆಯ ಕಿಟಕಿಗಳೆಲ್ಲ ಅತ್ತೆಯ ಪಾಲಾದವು. ಮೊಸರಿನ ಡಬ್ಬಿ, ಕತ್ತರಿಸಿದ ಹಾಲಿನ ಕ್ಯಾನು, ಮೊಟ್ಟೆಯ ಟ್ರೇ, ಎಲ್ಲದರಲ್ಲೂ ಸಸಿ. ಸೌತ್‌ಹಾಲ್‌ನ ಅಂಗಡಿಯಲ್ಲಿ ಕೊಂಡ ಹೀರೆ, ಬೆಂಡೆ, ಅಲಸಂಡೆ, ಹರಿವೆ. ಅಲ್ಲೇ ಸಿಕ್ಕಿದ ಒಂದು ಮಂಗಳೂರು ಸೌತೆಯ ತಿರುಳಿನಿಂದ ಬೀಜ ತೆಗೆದು, ತೊಳೆದು, ಒಣಗಿಸಿ ಹಾಕಿದ್ದರು. ಅವುಗಳ ಮೇಲೆ ಅವರಿಗೆ ಎಲ್ಲಕ್ಕಿಂತ ಪ್ರೀತಿ. ಬಿಸಿಲು ಈ ಕಿಟಕಿಯಿಂದ ಆ ಕಿಟಕಿಗೆ ಹೋದರೆ ಡಬ್ಬಿಗಳನ್ನೂ ಹೊತ್ತುಕೊಂಡು ಹೋಗುವರು. ಕಾರ್ಪೆಟ್ಟಿನ ಮೇಲೆಲ್ಲ ಮಣ್ಣು. ನಾನು ಆಫೀಸಿನಿಂದ ಬಂದವಳು ಮೊದಲು ವ್ಯಾಕ್ಯೂಮ್ ಹಿಡಿಯಬೇಕಾಗುತ್ತಿತ್ತು. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಒಳಗೊಳಗೇ ಕುದಿಯುತ್ತಿದ್ದೆ.

ಮೇ ತಿಂಗಳ ಮೊದಲ ಸೋಮವಾರ ಬ್ಯಾಂಕ್ ಹಾಲಿಡೇ, ಇಲ್ಲಿ ಎಲ್ಲರಿಗೂ ರಜೆ. ಅಂದು ನಮ್ಮ ಪರಿಚಯದ ಕನ್ನಡದ ಮನೆಗಳನ್ನೆಲ್ಲ ಊಟಕ್ಕೆ ಕರೆದಿದ್ದೆ. ಅತ್ತೆಯನ್ನು ಅವರಿಗೆ ತೋರಿಸಬೇಕೆಂದು ಬಾಯಲ್ಲಿ ಹೇಳಿದ್ದು. ನಿಜ ಹೇಳಬೇಕೆಂದರೆ ಹೊಸದಾಗಿ ಬಣ್ಣ ಹೊಡೆಸಿದ ನನ್ನ ಮನೆ ತೋರಿಸಬೇಕಿತ್ತು. ಈ ಡಬ್ಬಿಗಳನ್ನು ಎಲ್ಲಿಡುವುದು ಎಂಬುದೇ ನನಗೆ ಚಿಂತೆಯಾಗಿತ್ತು. ಅಡಿಗೆಗೆಂದು ಶುಕ್ರವಾರವೇ ರಜೆ ಹಾಕಿದ್ದೆ.

ಶುಕ್ರವಾರ ಸಂಜೆ ಅಜ್ಜ ಮಗಳ ಮನೆಗೆ ಹೊರಟಿದ್ದರು. ಕೈಯಲ್ಲಿ ಚಿಕ್ಕ ಬ್ಯಾಗು. ಹೊರಡುವ ಮುಂಚೆ ಗಿಡಗಳಿಗೆ ನೀರು ಹಾಕಲು ಹಿತ್ತಲಿಗೆ ಬಂದರು. ಅತ್ತೆ ಸೌತೆ ಸಸಿಯ ಒಂದು ಡಬ್ಬಿ ಹಿಡಿದು ಬೇಲಿಯ ಹತ್ತಿರ ಹೋದರು. ನನ್ನನ್ನೂ ಕರೆದರು. ನನ್ನ ಮಗಳು ಪಕ್ಕದಲ್ಲಿ ಚೆಂಡು ಆಡುತ್ತಿದ್ದಳು.

"ಇನ್ನು ನೆಲಕ್ಕೆ ಹಾಕಬಹುದಾ ಕೇಳು. ಅವರು ಹಾಕು ಅಂದ್ರೆ ನಾಳೆ ಬೆಳಿಗ್ಗೆ ಹಾಕ್ತೇನೆ."

ಕೇಳಿದೆ. ಅಜ್ಜ ಸಸಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಬಹಳ ಚೆನ್ನಾಗಿ ಬಂದಿದೆ. ನನ್ನದಕ್ಕಿಂತ ಚೆನ್ನಾಗಿದೆ ಎಂದು ಹೇಳಿ" ಎಂದರು. "ಆದರೆ ಈಗಲೇ ನೆಡಬೇಡಿ. ಇನ್ನೂ ಮೂರು ವಾರ ಕಾಯಲಿ. ಹಗಲು ಹೊರಗೆ, ಸಂಜೆ ಒಳಗೆ." ಆಮೇಲೆ ತಲೆ ಎತ್ತಿ ಆಕಾಶ ತೋರಿಸಿದರು. ಒಂದು ಮೋಡವಿರಲಿಲ್ಲ. "ಈ ವಾರಾಂತ್ಯ ಆಕಾಶ ಹೀಗೇ ತಿಳಿಯಾಗಿದ್ದರೆ ರಾತ್ರಿ ಫ್ರಾಸ್ಟ್ ಬೀಳುತ್ತದೆ, ಇಬ್ಬನಿಯೇ ಹೆಪ್ಪುಗಟ್ಟುತ್ತದೆ. ಬಿದ್ದರೆ ಒಂದೂ ಉಳಿಯುವುದಿಲ್ಲ."

ಅತ್ತೆ ನನ್ನ ಮುಖ ನೋಡುತ್ತಿದ್ದರು. "ಎಂತ ಹೇಳಿದ್ರು?"

ಒಳಗೆ ಮೂವತ್ತು ಡಬ್ಬಿ. ಸೋಮವಾರ ಇಪ್ಪತ್ತು ಜನ.

"ಬಹಳ ಚೆನ್ನಾಗಿ ಬಂದಿದೆ ಅಂತಾರೆ. ಆಕಾಶ ತಿಳಿಯಾಗಿದೆಯಂತೆ, ಇನ್ನು ನೆಡಬಹುದಂತೆ" ಎಂದೆ.

ಅತ್ತೆಯ ಮುಖ ಅರಳಿತು. ಅಜ್ಜನಿಗೆ ಕೈಮುಗಿದರು. ತಮ್ಮ ಮಾತು ಒಪ್ಪಿಗೆಯಾಯಿತೆಂದು ಅವರೂ ಖುಷಿಯಿಂದ ಕೈಯೆತ್ತಿ, ಬ್ಯಾಗು ತೆಗೆದುಕೊಂಡು ಹೊರಟರು.

ಮಗಳು ಚೆಂಡು ಹಿಡಿದು ನಿಂತುಬಿಟ್ಟಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವುದು ಮಾತ್ರ ಇಂಗ್ಲಿಷು. "ಮಮ್, ಹಿ ಡಿಡ್ ನಾಟ್ ಸೇ ದ್ಯಾಟ್" ಎಂದಳು.

"ನೀನು ಒಳಗೆ ಹೋಗು" ಎಂದೆ. ಹೋದಳು.

ಶನಿವಾರ ಇಡೀ ದಿನ ಅತ್ತೆ ನೆಟ್ಟರು. ಮೊಣಕಾಲಿಗೆ ಹಳೆಯ ದಿಂಬು ಹಾಕಿಕೊಂಡು, ಒಂದೊಂದು ಗುಣಿಗೂ ಕೈಯಾರೆ ಮಣ್ಣು ಪುಡಿ ಮಾಡಿ, ನೆಟ್ಟರು. ನಾನು ಒಳಗೆ ಕಿಟಕಿಯ ಕಟ್ಟೆಗಳನ್ನು ಒರೆಸಿದೆ. ಮನೆ ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂದು ಅನಿಸಿದ್ದು ನೆನಪಿದೆ. ಸಂಜೆ ಫೋನಿನಲ್ಲಿ ಹವಾಮಾನ ನೋಡಿದೆ. ಎರಡು ಡಿಗ್ರಿ ಎಂದಿತ್ತು. ಸೊನ್ನೆಯಲ್ಲವಲ್ಲ ಎಂದುಕೊಂಡೆ. ಭಾನುವಾರ ಸಂಜೆ ನೋಡಲೇ ಇಲ್ಲ. ಹೋಳಿಗೆಯ ಕಣಕ ಕಲಸುತ್ತಿದ್ದೆ. ಹಳೆಯ ಬೆಡ್‌ಶೀಟ್ ಎರಡು ಹೊದಿಸಿದ್ದರೆ ಉಳಿಯುತ್ತಿದ್ದವೋ ಏನೋ.

ಸೋಮವಾರ ಬೆಳಿಗ್ಗೆ ನಾನು ಕೆಳಗಿಳಿದು ಬಂದಾಗ ಹಿಂದಿನ ಬಾಗಿಲು ತೆಗೆದಿತ್ತು. ಅತ್ತೆ ಹಲಗೆಯ ಮೇಲೆ ನಿಂತಿದ್ದರು. ಹುಲ್ಲಿನ ಮೇಲೆಲ್ಲ ರಂಗೋಲಿ ಪುಡಿ ಉದುರಿಸಿದಂತೆ ಬಿಳಿ. ಸಸಿಗಳು ಬಿಸಿನೀರು ಸುರಿದ ಸೊಪ್ಪಿನ ಹಾಗೆ ಕಪ್ಪಗಾಗಿ ಮಣ್ಣಿಗೆ ಅಂಟಿಕೊಂಡಿದ್ದವು. ಬಟಾಣಿ ಮಾತ್ರ ನೆಟ್ಟಗಿತ್ತು.

"ಹಾಕು ಅಂದಿದ್ರಲ್ಲ ಅವರು" ಎಂದರು ಅತ್ತೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆಶ್ಚರ್ಯವಿತ್ತು.

ಆಗಲೂ ಹೇಳಬಹುದಿತ್ತು. ಹೇಳಿದ್ದರೆ ಒಂದು ದಿನದ ಜಗಳ, ಅಷ್ಟರಲ್ಲಿ ಮುಗಿಯುತ್ತಿತ್ತು. ಬದಲಿಗೆ, "ಅವರಿಗೂ ವಯಸ್ಸಾಯ್ತಲ್ಲ ಅತ್ತೆ, ಅಂದಾಜು ತಪ್ಪಿರಬೇಕು" ಎಂದೆ. ಮೊದಲನೆಯ ಸುಳ್ಳು ಅವಸರದ್ದು. ಇದು ಹಾಗಲ್ಲ. ನಿಂತು, ಯೋಚಿಸಿ ಹೇಳಿದ್ದು.

ಮಧ್ಯಾಹ್ನ ಜನ ಬಂದರು. ಮನೆ ಹೊಗಳಿದರು. ಅತ್ತೆ ಹೋಳಿಗೆಗೆ ತುಪ್ಪ ಬಡಿಸುತ್ತಾ, ಆಚೆಮನೆಯವರ ಮಾತು ಕೇಳಿ ಸಸಿ ಕಳಕೊಂಡ ಕತೆ ಹೇಳಿದರು. ಯಾರೋ ಒಬ್ಬರು, "ಇಲ್ಲಿಯವರನ್ನು ಇವೆಲ್ಲ ಕೇಳಬಾರದಮ್ಮ, ಅವರಿಗೆ ನಮ್ಮ ಹೀರೇಕಾಯಿ ಏನು ಗೊತ್ತು?" ಎಂದರು. ಎಲ್ಲರೂ ನಕ್ಕರು. ಮಗಳು ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ನಾನು ಸಾರು ತರಲು ಅಡಿಗೆಮನೆಗೆ ಹೋದೆ.

ಮಂಗಳವಾರ ಅಜ್ಜ ವಾಪಸು ಬಂದರು. ಬೇಲಿಯ ಮೇಲಿಂದ ನೋಡಿ ಅವರಿಗೆ ಬಹಳ ಬೇಸರವಾಗಿರಬೇಕು. ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ತಾವೇ ಒಳಗೆ ಬೆಳೆಸಿದ್ದ ಬೀನ್ಸ್ ಸಸಿಯ ನಾಲ್ಕು ಕುಂಡ ತಂದು ನಮ್ಮ ಬೇಲಿಯ ಬುಡದಲ್ಲಿಟ್ಟಿದ್ದರು. ಅತ್ತೆ ಅವನ್ನು ಮುಟ್ಟಿರಲಿಲ್ಲ. "ತಕೊಂಡು ಹೋಗ್ಲಿಕ್ಕೆ ಹೇಳು" ಎಂದರು. "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳ್ಬೇಕಿತ್ತು. ನಾನು ಅವರನ್ನು ದೊಡ್ಡ ಜನ ಅಂತ ಮಾಡಿದ್ದೆ."

ಕುಂಡಗಳನ್ನು ನಾನೇ ಆಚೆ ದಾಟಿಸಿದೆ. ಅಜ್ಜ ಕೇಳಿದರು, "ನನ್ನಿಂದ ಅವರಿಗೆ ಏನಾದರೂ ಬೇಸರವಾಯಿತೇ?"

"ಇಲ್ಲ ಇಲ್ಲ. ಅವರಿಗೆ ಊರಿನ ನೆನಪು. ಮೈಯೂ ಅಷ್ಟು ಹುಷಾರಿಲ್ಲ" ಎಂದೆ.

ಆಮೇಲೆ ಅತ್ತೆ ಹತ್ತೂವರೆಯ ಕಾಫಿಯನ್ನು ಟಿವಿಯ ಮುಂದೆ ಕುಡಿಯತೊಡಗಿದರು. ಅಜ್ಜ ಕೆಲವು ದಿನ ಮಗ್ ಹಿಡಿದು ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರಂತೆ. ಮಗಳಿಗೆ ಶಾಲೆಗೆ ರಜೆಯಿದ್ದ ವಾರ ಅವಳು ನೋಡಿ ಹೇಳಿದ್ದು. ಜುಲೈ ಕೊನೆಗೆ ಅತ್ತೆ ಊರಿಗೆ ಹೊರಟರು. ಟ್ಯಾಕ್ಸಿ ಹತ್ತುವಾಗ ಅಜ್ಜ ತಮ್ಮ ಬಾಗಿಲಲ್ಲಿ ನಿಂತು ಕೈಮುಗಿದರು, ಅತ್ತೆಯಿಂದಲೇ ಕಲಿತ ಹಾಗೆ. ಅತ್ತೆ ತಲೆ ಆಡಿಸಿದರು, ಅಷ್ಟೆ.

ಮರುವರ್ಷ ಕೋವಿಡ್ ಬಂತು. ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ವಿಮಾನಗಳೆಲ್ಲ ನಿಂತು, ಫೆಲ್ಥಮ್‌ನಲ್ಲಿ ಮೊದಲ ಸಲ ಹಕ್ಕಿಗಳ ಸದ್ದು ಕೇಳಿಸಿತು. ಸುಮ್ಮನೆ ಕೂರಲಾರದೆ ನಾನೇ ಸಲಿಕೆ ಹಿಡಿದೆ. ಅಜ್ಜ ಬೇಲಿಯಿಂದ ಎರಡು ಮಾರು ದೂರ ಕುರ್ಚಿ ಹಾಕಿಕೊಂಡು ಹೇಳಿಕೊಡುತ್ತಿದ್ದರು. ಕಳೆದ ವರ್ಷದ ಒಣ ಕಡ್ಡಿಗಳನ್ನು ಬಿಸಿಲು ಬಲಿಯುವವರೆಗೆ ಕತ್ತರಿಸಬೇಡಿ, ಅವುಗಳ ಟೊಳ್ಳಿನಲ್ಲಿ ಹುಳಗಳು ಮಲಗಿರುತ್ತವೆ. ನಲ್ಲಿಯ ನೀರು ಮಂಜಿನಷ್ಟು ತಣ್ಣಗಿರುತ್ತದೆ, ಹಿಂದಿನ ದಿನವೇ ಹಿಡಿದು ಒಳಗಿಟ್ಟು ಆಮೇಲೆ ಸಸಿಗೆ ಹಾಕಿ. ಬಸವನಹುಳು ಹುಡುಕುವುದಾದರೆ ಮಳೆ ನಿಂತ ಮೇಲೆ ಹುಡುಕಿ. ಒಂದೊಂದನ್ನೂ ಅವರು ಎರಡು ಸಲ ಹೇಳುತ್ತಿದ್ದರು, ನನಗೆ ತಲುಪಿತೋ ಇಲ್ಲವೋ ಎಂಬಂತೆ.

ಎರಡು ವಸಂತ ಹೀಗೆ ಕಳೆದವು. ಇಷ್ಟು ದಿನ, ಇಷ್ಟು ಮಾತು. ಹೇಳಲು ಎಷ್ಟೊಂದು ಬೆಳಗುಗಳಿದ್ದವು.

ಒಮ್ಮೆ ಅವರೇ ಕೇಳಿದರು, "ನಿಮ್ಮ ಅತ್ತೆ ಊರಿನಲ್ಲಿ ಏನಾದರೂ ಬೆಳೆಯುತ್ತಾರೆಯೇ ಈಗ?"

"ಬೆಳೆಯುತ್ತಾರೆ. ಸೌತೆ, ಬಸಳೆ."

"ಅವರಷ್ಟು ಚೆನ್ನಾಗಿ ಸಸಿ ಎಬ್ಬಿಸುವವರನ್ನು ನಾನು ಕೆಲಸದಲ್ಲೂ ಕಂಡಿರಲಿಲ್ಲ. ಅವರಿಗೆ ಹೇಳಿ."

ಅದನ್ನೂ ಹೇಳಲಿಲ್ಲ. ಹೇಳಹೊರಟರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಮೂರನೆಯ ಚಳಿಗಾಲದಲ್ಲಿ ಅಜ್ಜ ಆಸ್ಪತ್ರೆ ಸೇರಿದರು. ಎರಡು ವಾರದಲ್ಲಿ ತೀರಿಕೊಂಡರು. ಮಾರ್ಚ್‌ನಲ್ಲಿ ಅವರ ಮಗಳು ಮನೆ ಖಾಲಿ ಮಾಡಲು ಬಂದಳು. ನನ್ನದೇ ವಯಸ್ಸಿನವಳು. ಚಹಾ ಮಾಡಿಕೊಂಡು ಹೋದೆ. ಹಿತ್ತಲಿನಲ್ಲಿ ಇಬ್ಬರೂ ನಿಂತಿದ್ದಾಗ ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟೆ. ಯಾಕೆ ಅವಳಿಗೆ ಹೇಳಿದೆನೋ ಗೊತ್ತಿಲ್ಲ. ಹೇಳಲು ಅವರ ಕಡೆಯವರೆಂದು ಉಳಿದದ್ದು ಅವಳೊಬ್ಬಳೇ.

ಅವಳು ಉಳಿದ ಚಹಾ ಕುಡಿದಳು. "ನಿಮ್ಮ ಅತ್ತೆ ಬೇಲಿಯ ಹತ್ತಿರ ಬರುವುದು ನಿಲ್ಲಿಸಿದರಲ್ಲ, ಅಪ್ಪ ಅದು ರುಬಾರ್ಬ್‌ನಿಂದ ಆದದ್ದು ಅಂದುಕೊಂಡಿದ್ದರು" ಎಂದಳು. "ಅದರ ಎಲೆ ವಿಷ. ಎಲೆ ತಿನ್ನಬೇಡಿ ಎಂದು ಅಪ್ಪ ನಿಮ್ಮ ಅತ್ತೆಗೆ ಸನ್ನೆಯಲ್ಲಿ ತೋರಿಸಿದ್ದರಂತೆ, ಆದರೆ ಅವರಿಗೆ ಅರ್ಥವಾಗಿರಲಿಲ್ಲವೇನೋ, ಬೇಯಿಸಿ ತಿಂದು ಕಾಯಿಲೆ ಬಿದ್ದರೇನೋ ಎಂದು ಹೇಳುತ್ತಿದ್ದರು. ನೀವು ಅವರಿಗೆ ಹುಷಾರಿಲ್ಲ ಅಂದಿರಂತೆ. ಆಮೇಲೆ ಅಪ್ಪ ಯಾರಿಗೂ ರುಬಾರ್ಬ್ ಕೊಡಲಿಲ್ಲ."

ನಾನು ಕ್ಷಮಿಸಿ ಎಂದೆ. ಅವಳು, "ಅಪ್ಪನಿಗೆ ಗೊತ್ತಾಗಿದ್ದರೆ ಸಮಾಧಾನವಾಗುತ್ತಿತ್ತು" ಎಂದಳು. ಖಾಲಿ ಕಪ್ಪು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಆ ಭಾನುವಾರ ಅತ್ತೆಗೆ ಫೋನು ಮಾಡಿದೆ. ಈ ಸಲ ಏನನ್ನೂ ಬಿಡಲಿಲ್ಲ. ಅಜ್ಜ ಹೊಗಳಿದ್ದು, ಬೇಡವೆಂದದ್ದು, ನಾನು ಹೇಳಿದ್ದು, ರುಬಾರ್ಬ್ ಎಲೆ, ಎಲ್ಲ.

"ಅವರತ್ರ ಹೇಳಿದ್ಯಾ ಇದನ್ನು?" ಎಂದರು ಅತ್ತೆ.

"ಇಲ್ಲ ಅತ್ತೆ. ಅವರು ಹೋಗಿಬಿಟ್ಟರು, ಜನವರಿಯಲ್ಲಿ."

"ಡಬ್ಬಿ ಒಳಗಿಡುದು ಬೇಡ, ಜನ ಬರ್ತಾರೆ ಅಂತ ನನ್ನತ್ರ ಹೇಳಿದ್ರೆ ಆಗ್ತಿತ್ತಲ್ಲ ಮಾರಾಯ್ತಿ" ಎಂದರು. "ನಾನು ಎರಡು ದಿನ ಮಂಚದ ಅಡಿಗೆ ಇಡ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಬೈಯಲಿಲ್ಲ, ಆಮೇಲೆ ಎಂದೂ ಆ ಮಾತು ಎತ್ತಲೂ ಇಲ್ಲ. ಗಂಡನಿಗೂ ಅವರಾಗಿ ಹೇಳಲಿಲ್ಲ, ನಾನೇ ಹೇಳಬೇಕಾಯಿತು.

ಹೋದ ಬೇಸಿಗೆಯಲ್ಲಿ ಅತ್ತೆ ಮತ್ತೊಮ್ಮೆ ಬಂದಿದ್ದರು, ಎರಡೇ ತಿಂಗಳಿಗೆ. ಹಿತ್ತಲು ನೋಡಿ, ಚೆನ್ನಾಗಿ ಮಾಡಿದ್ದಿ ಎಂದರು. ಆಚೆಮನೆಗೆ ಈಗ ಬೇರೆಯವರು ಬಂದಿದ್ದಾರೆ, ಅಲ್ಲಿ ಪೂರ್ತಿ ಕಲ್ಲು ಹಾಸಿದ್ದಾರೆ. ಆ ಕಡೆ ಅವರು ಹೆಚ್ಚು ನೋಡಲಿಲ್ಲ. ನನ್ನ ಜೊತೆ ಮಾತು, ನಗು ಎಲ್ಲ ಮೊದಲಿನ ಹಾಗೇ ಇತ್ತು. ಒಂದು ದಿನ ಮೊಣಕಾಲು ಊದಿತೆಂದು ನಮ್ಮ GP ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಮಗಳೂ ಬಂದಿದ್ದಳು. ಡಾಕ್ಟರು ಮೂರು ನಾಲ್ಕು ನಿಮಿಷ ವಿವರಿಸಿದರು. ಗಾಬರಿಪಡುವಂಥದ್ದೇನಿಲ್ಲ, ಸವೆತ, ಮೆಟ್ಟಿಲು ಕಡಿಮೆ ಹತ್ತಿ, ಈ ಮಾತ್ರೆ ಊಟದ ನಂತರ, ಎಂದು. ನಾನು ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಮೊಮ್ಮಗಳ ಕಡೆ ತಿರುಗಿ, "ಹೌದಾ ಮಗಾ?" ಎಂದರು.

ಮಗಳಿಗೆ ಈಗ ಹದಿನೈದು. ಅವಳು ನನ್ನ ಕಡೆ ನೋಡಲಿಲ್ಲ. "ಹೌದು ಅಜ್ಜಿ" ಎಂದಳು, ಕನ್ನಡದಲ್ಲೇ. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.